ನಾಯಿಯ ಅನ್ನಕ್ಕೆ ಏನು ಹಾಕುತ್ತಿದ್ದೆ

ಗಿಡ್ಡಮ್ಮನಿಗೆ ಬರುವ ಇಂಗ್ಲಿಷ್ ಒಟ್ಟು ಏಳು ಮಾತು. ಕಮ್, ಸಿಟ್, ಸ್ಟೇ, ಈಟ್, ಗೋ, ನೋ, ಗುಡ್ ಗರ್ಲ್. ಏಳನ್ನೂ ಅವಳು ಕಲಿತದ್ದು ಒಂದು ನಾಯಿಗಾಗಿ.

ಮಲ್ಲಂದೂರಿನ ಹತ್ತಿರದ ಕಾಫಿ ಎಸ್ಟೇಟೊಂದರ ಕೂಲಿ ಲೈನಿನ ಸಾಲುಮನೆಯಲ್ಲಿ ಹುಟ್ಟಿದವಳು ಅವಳು. ಹೆಸರಿಗೆ ತಕ್ಕ ಹಾಗೆ ಗಿಡ್ಡ. ರೊಬಸ್ಟಾ ಗಿಡದ ತುದಿ ಕೈಗೆ ಎಟುಕುವುದಿಲ್ಲವೆಂದು ಮೇಸ್ತ್ರಿ ಅವಳನ್ನು ಯಾವಾಗಲೂ ಅರೇಬಿಕಾ ಸಾಲಿಗೇ ಹಾಕುತ್ತಿದ್ದ. ಇಪ್ಪತ್ತೈದು ವರ್ಷ ಹಣ್ಣು ಕುಯ್ದು, ಮೂಟೆ ಹೊತ್ತು, ಸೊಂಟ ಹಿಡಿದುಕೊಂಡಾಗ ಎಸ್ಟೇಟಿನ ಅಮ್ಮಾವ್ರು ಅವಳನ್ನು ಬಂಗಲೆಗೆ ಕರೆಸಿಕೊಂಡರು. ಆಗಷ್ಟೇ ತಂದಿದ್ದ ಅಲ್ಸೇಷನ್ ಮರಿಗೆ ಅನ್ನ ಬೇಯಿಸಿ ಹಾಕಿ, ಅದನ್ನು ನೋಡಿಕೊಳ್ಳುವುದು ಅವಳ ಕೆಲಸವಾಯಿತು. ಮರಿಯ ಹೆಸರು ಡಯಾನಾ.

"ನೋಡು ಗಿಡ್ಡೀ, ಇದು ಜಾತಿ ನಾಯಿ," ಎಂದು ಅಮ್ಮಾವ್ರು ಮೊದಲ ದಿನವೇ ಹೇಳಿದ್ದರು. "ಇದರ ಹತ್ರ ಕನ್ನಡ ಮಾತಾಡ್ಬೇಡ. ಎರಡೆರಡು ಭಾಷೆ ಕಿವಿಗೆ ಬಿದ್ರೆ ಇದರ ತಲೆ ಕೆಡುತ್ತೆ. ಹೇಳಿಕೊಟ್ಟಷ್ಟು ಇಂಗ್ಲಿಷ್ ಕಲಿತ್ಕೊ, ಸಾಕು."

ಅದು ಆ ಒಂದು ಬಂಗಲೆಯ ಕಟ್ಟಳೆಯಲ್ಲ. ಆ ಗುಡ್ಡಗಳಲ್ಲಿ ಯಾವ ಎಸ್ಟೇಟಿಗೆ ಹೋದರೂ ಹಾಗೆಯೇ. ಅಡುಗೆಯವರು, ಡ್ರೈವರು, ವಾಚ್‌ಮನ್ ಎಲ್ಲ ತಮ್ಮತಮ್ಮಲ್ಲಿ ಕನ್ನಡದಲ್ಲೋ ತುಳುವಿನಲ್ಲೋ ಬೈದಾಡಿಕೊಂಡು, ನಾಯಿ ಎದುರಿಗೆ ಬಂದ ಕೂಡಲೇ ಇಂಗ್ಲಿಷಿಗೆ ತಿರುಗುತ್ತಿದ್ದರು. ಗಿಡ್ಡಮ್ಮನೂ ತಿರುಗಿದಳು. ಲೈನಿನವರು ಅವಳಿಗೆ ಇಂಗ್ಲಿಷ್ ಗಿಡ್ಡಮ್ಮ ಎಂದು ಹೆಸರಿಟ್ಟರು. ಒಮ್ಮೆ ಗಂಡ ಭೂತಯ್ಯ ಮೀನಿನ ಸಾರಿಗೆ ಮೂರನೆಯ ಸಲ ಕೈ ಚಾಚಿದಾಗ ಅವಳು ಬಾಯಿ ತಪ್ಪಿ "ನೋ" ಎಂದುಬಿಟ್ಟಳು. "ಸಿಟ್ ಅಂತಾನೂ ಹೇಳ್ಬಿಡು ಮಾರಾಯ್ತಿ, ಬಾಲ ಒಂದು ಇಲ್ಲ ನೋಡು ನಂಗೆ," ಎಂದ ಭೂತಯ್ಯ. ಆ ಮಾತು ಒಂದು ವಾರ ಲೈನಿನಲ್ಲಿ ಮನೆಯಿಂದ ಮನೆಗೆ ಓಡಾಡಿತು.

ಡಯಾನಾಗೆ ಒಂದು ಹಠವಿತ್ತು. ತಾನು ಉಣ್ಣುವುದನ್ನು ಯಾರೂ ನೋಡಬಾರದು. ಹಾಗೆಂದು ಒಬ್ಬಂಟಿಯಾಗಿ ಬಿಟ್ಟರೆ ಉಣ್ಣುವುದೂ ಇಲ್ಲ. ಇದನ್ನು ಕಂಡುಕೊಳ್ಳಲು ಗಿಡ್ಡಮ್ಮನಿಗೆ ಎರಡು ತಿಂಗಳು ಬೇಕಾಯಿತು. ಆಮೇಲೆ ಅವಳು ತಟ್ಟೆ ಇಟ್ಟು, "ಈಟ್" ಎಂದು, ಬೆನ್ನು ತಿರುಗಿಸಿ ನೆಲದ ಮೇಲೆ ಕೂರುತ್ತಿದ್ದಳು. ನಾಯಿ ತನ್ನ ಪಕ್ಕೆಯನ್ನು ಅವಳ ಬೆನ್ನಿಗೆ ಒರಗಿಸಿ ನಿಂತು, ತಟ್ಟೆ ಬರಿದಾಗುವವರೆಗೆ ಉಣ್ಣುತ್ತಿತ್ತು. ಅದರ ಉಸಿರು ಏರಿ ಇಳಿಯುವುದು ಅವಳ ಬೆನ್ನಿಗೆ ತಿಳಿಯುತ್ತಿತ್ತು.

ಹೀಗೆ ಹನ್ನೊಂದು ವರ್ಷ. ಗಿಡ್ಡಮ್ಮನಿಗೆ ಮಕ್ಕಳಾಗಲಿಲ್ಲ. ನಾಯಿ ಉಣ್ಣುವ ಆ ಹೊತ್ತಿನಲ್ಲಿ ಅವಳ ಬಾಯಿಗೆ ಎಷ್ಟೋ ಮಾತು ಬಂದು ನಿಲ್ಲುತ್ತಿದ್ದವು. ನಿಧಾನ ಉಣ್ಣು ಮಗಾ. ಗಂಟಲಿಗೆ ಸಿಕ್ಕೀತು. ಎಲ್ಲಿ ಹೋಗಿದ್ದೆ ಬೆಳಗಿನಿಂದ, ಮೈಯೆಲ್ಲ ಮುಳ್ಳು. ಎಲ್ಲವನ್ನೂ ಅವಳು ನುಂಗಿಕೊಂಡಳು. ತನ್ನ ಮಾತಿನಿಂದ ಈ ಜೀವದ ತಲೆ ಕೆಟ್ಟರೆ ಏನು ಗತಿ ಎಂದು ಅವಳಿಗೆ ನಿಜವಾಗಿಯೂ ಭಯವಿತ್ತು.

ಎಸ್ಟೇಟು ಮಾರಾಟವಾಯಿತು. ಅಮ್ಮಾವ್ರ ಮನೆಯವರು ಮೈಸೂರಿಗೆ ಹೊರಟ ದಿನ ಡಯಾನಾಳನ್ನು ಕಾರಿನ ಹಿಂದಿನ ಸೀಟಿಗೆ ಹತ್ತಿಸಿದವಳು ಗಿಡ್ಡಮ್ಮನೇ. "ಗೋ" ಎಂದಾಗ ಅದು ಹತ್ತಿತು. "ಸ್ಟೇ" ಎಂದಾಗ ಕುಳಿತಿತು. ಬಾಗಿಲು ಹಾಕಿದ ಮೇಲೆ ಗಾಜಿಗೆ ಮೂಗು ಒತ್ತಿ ಅವಳನ್ನೇ ನೋಡಿತು. ಗಿಡ್ಡಮ್ಮ ಗಾಜಿನ ಮೇಲೆ ಕೈ ಇಟ್ಟು "ಗುಡ್ ಗರ್ಲ್" ಎಂದಳು. ಅವಳಲ್ಲಿ ಉಳಿದಿದ್ದ ಇಂಗ್ಲಿಷ್ ಅಷ್ಟೇ. ಕಾರು ಹೋಯಿತು.

ಒಂದು ತಿಂಗಳಾದ ಮೇಲೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅವಳನ್ನು ಆಫೀಸಿಗೆ ಕೂಗಿ ಕರೆದ. ಮೈಸೂರಿನಿಂದ ಅಮ್ಮಾವ್ರ ಫೋನು.

"ಗಿಡ್ಡೀ, ನಾಯಿಯ ಅನ್ನಕ್ಕೆ ಏನು ಹಾಕ್ತಿದ್ದೆ? ಇಲ್ಲಿ ಮುಟ್ತಾನೇ ಇಲ್ಲ."

"ನುಚ್ಚಕ್ಕಿ, ಅಮ್ಮಾವ್ರೇ. ಮೂಳೆ ಬೇಯಿಸಿದ ನೀರು. ಚಿಟಿಕೆ ಅರಿಶಿನ. ಒಂದು ಹಿಡಿ ರಾಗಿ ಹಿಟ್ಟು. ಅಷ್ಟೇ."

"ಅದನ್ನೇ ಹಾಕ್ತಿದ್ದೀವಲ್ಲೇ. ಆಯ್ತು, ಇಡು."

ಗಿಡ್ಡಮ್ಮ ಈಗ ತನಗೆ ಕೆಲಸವಿದ್ದ, ಕಾಫಿ ಒಣಗಿಸುವ ಕಣಕ್ಕೆ ಹಿಂತಿರುಗಿದಳು. ಪಾರ್ಚ್‌ಮೆಂಟು ಬೀಜ ಹರವುತ್ತಿದ್ದ ಹಲುಬೆ ಕೈಯಲ್ಲಿ ಹಾಗೆಯೇ ನಿಂತಿತು. ಬೆನ್ನು! ಬೆನ್ನಿನ ವಿಷಯ ಹೇಳಲೇ ಇಲ್ಲ. ಅದು ಅನ್ನಕ್ಕೆ ಹಾಕುವ ಸಾಮಾನಲ್ಲವಲ್ಲ, ಹಾಗಾಗಿ ನೆನಪಿಗೆ ಬರಲಿಲ್ಲ. ಮರುದಿನ ರೈಟರ ಮುಂದೆ ಹೋಗಿ ನಿಂತಳು. "ನಾಯಿ ಊಟದ ಮಾತಿಗೆ ಮೈಸೂರಿಗೆ ಫೋನ್ ಮಾಡ್ಲಾ? ಬೇಕಾದ್ರೆ ಅವರೇ ಮಾಡ್ತಾರೆ, ಹೋಗು," ಎಂದ ಆತ. ಅವರು ಮಾಡಲಿಲ್ಲ. ಮುಂದೆ ಡಯಾನಾ ಉಂಡಳೋ ಇಲ್ಲವೋ ಗಿಡ್ಡಮ್ಮನಿಗೆ ಯಾರೂ ಹೇಳಲಿಲ್ಲ.

ಇದೆಲ್ಲ ಆಗಿ ಹತ್ತು ವರ್ಷದ ಮೇಲಾಯಿತು. ಈಗ ಗಂಡಹೆಂಡತಿ ಆಲ್ದೂರಿನಿಂದ ಎರಡು ಮೈಲಿ ದೂರದ ಕಾಲೋನಿಯಲ್ಲಿ, ತಮ್ಮದೇ ಹೆಂಚಿನ ಮನೆಯಲ್ಲಿದ್ದಾರೆ. ಲೈನಿನಲ್ಲಿ ನಾಯಿ ಸಾಕುವಂತಿರಲಿಲ್ಲ. ಇಲ್ಲಿ ಬೇಡ ಎನ್ನುವವರಿಲ್ಲ. ಆದರೂ ಹೊಸ ಮನೆಯಲ್ಲಿ ಸಾಕಿದ ನಾಯಿಯಿಲ್ಲದೆಯೇ ವರ್ಷಗಳು ಕಳೆದವು. ಬೀದಿಯ ನಾಯಿಗಳಿಗೆ ಗಿಡ್ಡಮ್ಮ ಅನ್ನ ಹಾಕುತ್ತಿದ್ದಳು, ಕನ್ನಡದಲ್ಲೇ ಗದರುತ್ತಿದ್ದಳು, ಅವು ಉಂಡು ಹೋಗುತ್ತಿದ್ದವು. ಅವಳು ಮಾತ್ರ ತಟ್ಟೆಗೆ ಬೆನ್ನು ಹಾಕಿ ಒಂದು ಗಳಿಗೆ ಹೆಚ್ಚೇ ಕೂತಿರುತ್ತಿದ್ದಳು.

ಅದನ್ನು ನೋಡಿದವನು ನಸರುಲ್ಲಾ. ಆಲ್ದೂರಿನ ಜೀಪ್ ಮೆಕ್ಯಾನಿಕ್. ಎಸ್ಟೇಟಿನ ಹಳೆಯ ಜೀಪನ್ನು ಮೂವತ್ತು ವರ್ಷ ಸಾಯಲು ಬಿಡದವನು. ಭೂತಯ್ಯನ ಕಳೆ ಹೊಡೆಯುವ ಮೆಷಿನ್ನು ರಿಪೇರಿ ಮಾಡಿ ತಂದುಕೊಟ್ಟವನು, ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಹೇಳಿದ:

"ಗಿಡ್ಡಕ್ಕ, ಚಿಕ್ಕಮಗಳೂರು ದಾಟಿ ಕಡೂರು ರಸ್ತೆಯಲ್ಲಿ ನಮ್ಮ ತಂಗಿ ಮಗಳು ಅಮ್ನಾ ಬಿಟ್ಟುಹೋದ ನಾಯಿಗಳನ್ನ ಇಟ್ಕೊಂಡಿದ್ದಾಳೆ. ಬರೀ ಅಲ್ಸೇಷನ್. ಒಳ್ಳೆಯವರಿಗೆ ಸುಮ್ನೆ ಕೊಡ್ತಾಳೆ. ಬರ್ತೀರಾ?"

"ಬರೀ ಅಲ್ಸೇಷನ್ನಾ?" ಎಂದ ಭೂತಯ್ಯ. "ಬಿಟ್ಟುಹೋದ ನಾಯಿಗೂ ಜಾತಿ ಕೇಳಿ ಒಳಗೆ ಬಿಡ್ತಾರಾ ಸಾಬ್ರೇ?"

"ಅದನ್ನ ಅವಳನ್ನೇ ಕೇಳು ಮಾರಾಯ. ಕಚ್ಚಿದ್ರೆ ನನ್ನ ಕೇಳ್ಬೇಡ. ನಾಯಿ ಅಲ್ಲ, ಅವಳು."

ಗಿಡ್ಡಮ್ಮ ಎದ್ದಳು. ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದಳು. ಅಂದು ಬುಧವಾರ; ಅಮ್ನಾ ಜನರನ್ನು ಒಳಗೆ ಬಿಡುವುದು ಶನಿವಾರ ಮಾತ್ರ ಎಂದು ನಸರುಲ್ಲಾ ಹೇಳಿದ ಮೇಲೆ ಮತ್ತೆ ಒಳಗೆ ಹೋಗಿ ಹಳೆಯ ಸೀರೆ ಉಟ್ಟಳು.

ಶನಿವಾರ ಹೋದರು. ರಸ್ತೆ ಪಕ್ಕದಲ್ಲೇ ತಂತಿಬೇಲಿ ಹಾಕಿದ ಜಾಗ, ಸಾಲಾಗಿ ತಗಡಿನ ಗೂಡು, ಹದಿನಾಲ್ಕು ಅಲ್ಸೇಷನ್. ಅಮ್ನಾಗೆ ಮೂವತ್ತು ಇರಬಹುದು. ಪೇಟೆಯಲ್ಲಿ ದನಕರುಗಳ ಔಷಧದ ಅಂಗಡಿ ನಡೆಸುವವಳು. ಭೂತಯ್ಯ ಕೇಳಬೇಕೆಂದಿದ್ದ ಜಾತಿಯ ಪ್ರಶ್ನೆಯನ್ನು ಗಿಡ್ಡಮ್ಮನೇ ನಯವಾಗಿ ಕೇಳಿದಳು. ಅಮ್ನಾ ನಕ್ಕಳು.

"ಎಲ್ಲ ನಾಯಿ ನೋಡ್ಕೊಳ್ಳೋ ಶಕ್ತಿ ನಂಗಿಲ್ಲಮ್ಮ. ಇವುಗಳ ಸೊಂಟದ ನೋವು, ಇವುಗಳ ಹಠ, ಇದೊಂದು ಕಲಿಯೋಕೇ ಎಂಟು ವರ್ಷ ಆಯ್ತು. ಮರಿ ಇದ್ದಾಗ ಹೋಮ್‌ಸ್ಟೇಗೆ ತರ್ತಾರೆ, ಬಂದವರು ಫೋಟೋ ತೆಗೀತಾರೆ. ದೊಡ್ಡದಾಗಿ ಕುಂಟೋಕೆ ಶುರುವಾದ್ರೆ ಇಲ್ಲಿ ಬಿಟ್ಟು ಹೋಗ್ತಾರೆ."

ಆಮೇಲೆ ತನ್ನ ನಿಯಮ ಹೇಳಿದಳು. ಮನೆಗೆ ಬೇಲಿ ಇರಬೇಕು, ಅದನ್ನು ತಾನೇ ಬಂದು ನೋಡಬೇಕು. ನಾಯಿ ತಾನಾಗಿ ಬಂದು, ಒಯ್ಯುವವರ ಕೈಯಿಂದ ತಿನ್ನಬೇಕು. ಮೂರು ಶನಿವಾರದೊಳಗೆ ಬರದಿದ್ದರೆ, ಆ ನಾಯಿಯನ್ನು ಆ ಜನ ಮತ್ತೆ ಕಾಡಿಸುವ ಹಾಗಿಲ್ಲ.

ಗಿಡ್ಡಮ್ಮ ಸಾಲಿನುದ್ದಕ್ಕೂ ನಡೆದಳು. ಎಲ್ಲ ನಾಯಿಗಳೂ ತಂತಿಗೆ ಬಂದು ಬೊಗಳಿದವು, ಬಾಲ ಆಡಿಸಿದವು. ಕೊನೆಯ ಗೂಡಿನದು ಏಳಲಿಲ್ಲ. ಆರು ವರ್ಷದ ಗಂಡು. ಬೆನ್ನು ಕಪ್ಪು, ಕಾಲು ಕಂದು, ಎಡ ಹಿಂಗಾಲು ಸ್ವಲ್ಪ ಎಳೆಯುತ್ತಿತ್ತು. ಅದು ರಸ್ತೆಯ ಕಡೆ ಮುಖ ಮಾಡಿ ಮಲಗಿತ್ತು. ಕಾರುಗಳು ಹೋದವು, ಲಾರಿ ಹೋಯಿತು, ಕಿವಿಯನ್ನೂ ಅಲ್ಲಾಡಿಸಲಿಲ್ಲ. ನಾಲ್ಕೂವರೆಗೆ, ಗುಡ್ಡದ ತೋಟಗಳಿಂದ ಬಯಲುಸೀಮೆಯ ಹೆಂಗಸರನ್ನು ತುಂಬಿಕೊಂಡು ಹಿಂತಿರುಗುವ ಕೂಲಿ ಜೀಪೊಂದು ಬಂತು. ನಾಯಿ ಎದ್ದು ನಿಂತಿತು. ಜೀಪು ಮರೆಯಾಗುವವರೆಗೆ ನೋಡಿ ಮತ್ತೆ ಮಲಗಿತು.

"ಇದು," ಎಂದಳು ಗಿಡ್ಡಮ್ಮ.

"ಅದು ಬೇಡಮ್ಮ. ಲಿಯೋ ಅಂತ ಹೆಸರು, ಕಳಸದ ಕಡೆ ಮುಚ್ಚಿಹೋದ ಹೋಮ್‌ಸ್ಟೇಯಿಂದ ಬಂದದ್ದು. ಎಂಟು ತಿಂಗಳಾಯ್ತು. ಕರೆದ್ರೆ ಬರಲ್ಲ, ಹೇಳಿದ್ದು ಕೇಳಲ್ಲ, ಅನ್ನಾನೂ ರಾತ್ರಿ ಯಾರೂ ಇಲ್ಲದಾಗ ಒಂದಿಷ್ಟು ಮುಟ್ಟುತ್ತೆ ಅಷ್ಟೇ. ಕಿವುಡು ಅಂತ ಡಾಕ್ಟರಿಗೂ ತೋರಿಸಿದೆ, ಕಿವಿ ಸರಿಯಾಗಿದೆಯಂತೆ."

"ಇದೇ," ಎಂದಳು ಮತ್ತೆ.

ಅಮ್ನಾ ಬಾಗಿಲು ತೆಗೆದಳು. ಗಿಡ್ಡಮ್ಮ ಸೆರಗು ಸರಿಮಾಡಿಕೊಂಡು, ಹತ್ತು ವರ್ಷದಿಂದ ಬಾಯಿಗೆ ತಾರದ ಮಾತುಗಳನ್ನು ಒಂದೊಂದಾಗಿ ತೆಗೆದಳು. "ಲಿಯೋ, ಕಮ್." ನಾಯಿ ನೋಡಲಿಲ್ಲ. "ಸಿಟ್. ಕಮ್. ಈಟ್, ಲಿಯೋ." ಬೇಯಿಸಿದ ಮೊಟ್ಟೆ ಅವಳ ಅಂಗೈಯಲ್ಲೇ ಉಳಿಯಿತು. ಎರಡನೆಯ ಶನಿವಾರವೂ ಬಸ್ಸು ಹತ್ತಿ ಹೋದಳು. ಈ ಸಲ ಮೂಳೆಯ ಸಾರಿನ ಅನ್ನ ಒಯ್ದಿದ್ದಳು, ರಾಗಿ ಹಾಕಿ, ಅರಿಶಿನ ಹಾಕಿ. ತಟ್ಟೆ ಇಟ್ಟು, "ಈಟ್" ಎಂದು ಬೆನ್ನು ತಿರುಗಿಸಿ ಕೂತಳು. ಒಂದು ಗಂಟೆ. ಬೆನ್ನಿಗೆ ಗಾಳಿ ಬಿಟ್ಟು ಬೇರೇನೂ ತಾಗಲಿಲ್ಲ.

"ಬೇರೆ ಇದೆ ಅಮ್ಮ, ಮೊದಲನೇ ಗೂಡಿನ ರೂಬಿ. ನೀವು ಸುಮ್ನೆ ನಿಂತ್ರೂ ನೆಕ್ಕಿ ಬಿಡುತ್ತೆ," ಎಂದಳು ಅಮ್ನಾ.

"ಅದನ್ನ ಯಾರಾದ್ರೂ ಕರ್ಕೊಂಡು ಹೋಗ್ತಾರೆ, ಮೇಡಂ. ಇದು ಅನ್ನ ಬಿಟ್ಟು ಯಾರ ದಾರಿಯನ್ನೋ ಕಾಯ್ತಾ ಇದೆ. ಅಂಥದ್ದೊಂದು ನಂಗೆ ಗೊತ್ತಿತ್ತು. ಆಗ ನಾನು ಹತ್ರ ಇರಲಿಲ್ಲ."

ಆ ವಾರ ಅಮ್ನಾ ಕಾಲೋನಿಗೆ ಬೇಲಿ ನೋಡಲು ಬಂದಳು. ಮೊದಲ ಮಳೆ ಬಿದ್ದಿತ್ತು. ಭೂತಯ್ಯ ಮನೆ ಸುತ್ತ ಮೊಳಕ್ಕೊಂದು ಹಾಲುವಾಣದ ಗೂಟ ನೆಟ್ಟು, ಅಡ್ಡಕ್ಕೆ ಹಳೆಯ ತಂತಿ ಬಿಗಿದು, ಅದರ ಪಕ್ಕ ಹೊಸ ಮದುಮಗನ ಹಾಗೆ ನಿಂತಿದ್ದ.

"ಕಾಂಪೌಂಡ್ ಎಲ್ಲಿ?" ಎಂದಳು ಅಮ್ನಾ.

"ಇದೇ ಮೇಡಂ."

"ಇದು ಕೋಲು."

"ಈಗ ಕೋಲು. ಮಳೆಗಾಲ ಮುಗೀಲಿ, ನೀವೇ ಬಂದು ನೋಡಿ, ಚಿಗುರಿ ಮರ ಆಗಿರುತ್ತೆ. ನಿಮ್ಮ ಇಟ್ಟಿಗೆ ಕಾಂಪೌಂಡ್ ಯಾವತ್ತಾದ್ರೂ ಎಲೆ ಬಿಟ್ಟಿದ್ಯಾ?"

ಅಮ್ನಾ ಒಂದು ಗೂಟ ಹಿಡಿದು ಅಲ್ಲಾಡಿಸಿದಳು. ಅಲ್ಲಾಡಲಿಲ್ಲ. ಅದರ ತುದಿಯಲ್ಲಿ ಉಗುರಿನಷ್ಟು ಹಸಿರು ಆಗಲೇ ಮೂಡಿತ್ತು. ಅವಳು ತನ್ನ ಕಾಗದದಲ್ಲಿ ಏನೋ ಗುರುತು ಹಾಕಿಕೊಂಡಳು. "ಬೇಲಿ ಆಯ್ತು," ಎಂದಳು. "ಆದ್ರೆ ನಾಯಿ ಬರಬೇಕಲ್ಲ."

ಮೂರನೆಯ ಶನಿವಾರ ಭೂತಯ್ಯನೂ ಜೊತೆಗೆ ಬಂದ. ಗಿಡ್ಡಮ್ಮ ಬೆಳಗಿನಿಂದ ಸಂಜೆಯವರೆಗೆ ಆ ಕೊನೆಯ ಗೂಡಿನಲ್ಲೇ ಇದ್ದಳು. ಕಮ್ ಎಂದಳು, ಸಿಟ್ ಎಂದಳು. ಗುಡ್ ಗರ್ಲ್ ಎಂದು, ಗಂಡು ನಾಯಿ ಎಂಬುದು ನೆನಪಾಗಿ ಸುಮ್ಮನಾದಳು. ಕೂಲಿ ಜೀಪು ಬಂತು, ನಾಯಿ ಎದ್ದು ನೋಡಿತು, ಜೀಪು ಹೋಯಿತು. ಐದಕ್ಕೆ ಆಲ್ದೂರಿನ ಬಸ್ಸು ಹಿಡಿಯಬೇಕು. ಅಮ್ನಾ ಗೂಡಿನ ಬಾಗಿಲಿಗೆ ಬಂದು ನಿಂತಳು. ಮೂರು ಶನಿವಾರ ಮುಗಿದಿತ್ತು.

"ಹೊರಡೋಣ್ವಾ?" ಎಂದ ಭೂತಯ್ಯ, ಎಂದಿಗಿಂತ ಮೆಲ್ಲಗೆ.

"ಒಂದು ಮಾತು ಹೇಳಿ ಬರ್ತೀನಿ. ಹೇಳದೆ ಬರೋಕೆ ಆಗಲ್ಲ."

ಅವಳು ಅನ್ನದ ತಟ್ಟೆಯನ್ನು ನಾಯಿಯ ಹತ್ತಿರ ಸರಿಸಿ, ಬೆನ್ನು ತಿರುಗಿಸಿ ಕೂತಳು. ಇದು ಯಾರದೋ ನಾಯಿ. ಇದರ ತಲೆ ಕೆಡುವುದಾದರೂ ಇನ್ನು ತನ್ನಿಂದಲ್ಲ, ತಾನು ಹೋಗುವವಳು. ಕಾರಿನ ಗಾಜಿನ ಮುಂದೆ ನುಂಗಿಕೊಂಡದ್ದು ಈಗ ತಡೆಯದೆ ಬಂತು.

"ಹೋಗ್ಬರ್ತೀನಿ ಮಗಾ. ಯಾರ ದಾರಿ ಕಾಯ್ತಿದ್ದೀಯೋ ನಂಗೊತ್ತಿಲ್ಲ. ಬಂದ್ರೆ ಒಳ್ಳೇದು, ಬರದಿದ್ರೂ ಉಪವಾಸ ಇರ್ಬೇಡ. ಕಾಲು ಬೇರೆ ನೋವು. ಹೊಟ್ಟೆ ತುಂಬ ಉಣ್ಣು. ಬಾ, ಉಣ್ಣು ಬಾ ಮಗಾ..."

ಅಮ್ನಾ ಬಾಗಿಲ ತಂತಿಯನ್ನು ಹಿಡಿದ ಕೈ ಹಾಗೆಯೇ ಬಿಗಿಯಾಯಿತು. ನಾಯಿ ರಸ್ತೆಯಿಂದ ಮುಖ ತಿರುಗಿಸಿತ್ತು. ಎರಡೂ ಕಿವಿ ನಿಮಿರಿದ್ದವು.

ಗಿಡ್ಡಮ್ಮನಿಗೆ ಅದು ಕಾಣಲಿಲ್ಲ. ಅವಳಿಗೆ ಮೊದಲು ಕೇಳಿಸಿದ್ದು ಹಿಂಗಾಲು ಎಳೆಯುವ ಸದ್ದು. ಆಮೇಲೆ ತಟ್ಟೆ ನೆಲಕ್ಕೆ ಉಜ್ಜಿದ ಸದ್ದು. ಆಮೇಲೆ ಬೆನ್ನಿಗೆ ಬಿಸಿ.

"ಕೂತ್ಕೋ ಅನ್ನಿ," ಎಂದು ಅಮ್ನಾ ಪಿಸುಗುಟ್ಟಿದಳು, ನಾಯಿ ಉಂಡು ತಲೆ ಎತ್ತಿದ ಮೇಲೆ. "ಇಂಗ್ಲಿಷಲ್ಲಿ ಅಲ್ಲ. ಕನ್ನಡದಲ್ಲಿ."

"ಕೂತ್ಕೋ ಮಗಾ."

ಅದು ಕೂತಿತು. "ಕೈ ಕೊಡು" ಎಂದಾಗ ಕೊಟ್ಟಿತು. ಅವಳು ಈ ಸಲವೂ ತಂದಿದ್ದ ಮೊಟ್ಟೆಯನ್ನು ಅಂಗೈಯಿಂದ, ಹಲ್ಲು ತಾಗಿಸದೆ, ತುಟಿಯಿಂದ ಎತ್ತಿಕೊಂಡಿತು.

ಅಮ್ನಾ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟಳು. "ಎಂಟು ತಿಂಗಳು! ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಇವುಗಳ ಹತ್ರ ಮಾತ್ರ ಇಂಗ್ಲಿಷ್. ಎಂಟು ತಿಂಗಳಲ್ಲಿ ಒಂದು ಸಲನೂ ಇದರ ಹತ್ರ ಕನ್ನಡದಲ್ಲಿ ಮಾತಾಡಿಲ್ಲ ನಾನು."

"ನಾನು ಹನ್ನೊಂದು ವರ್ಷ ಮಾತಾಡಿಲ್ಲ, ಮಗಳೇ," ಎಂದಳು ಗಿಡ್ಡಮ್ಮ.

ಹೋಮ್‌ಸ್ಟೇಯವರಲ್ಲ ಇದನ್ನು ಸಾಕಿದ್ದು ಎಂದು ಅವಳಿಗೆ ಆಗಲೇ ತಿಳಿದುಹೋಗಿತ್ತು. ಹಿಂಬದಿಯ ಅಡುಗೆಮನೆಯ ಯಾರೋ ಸಾಕಿದ್ದರು. ಸಂಜೆ ಕೂಲಿ ಜೀಪಿನಲ್ಲಿ ಬಂದಿಳಿಯುವ ಯಾರೋ. ಅವರಿಗೂ ಇಂಗ್ಲಿಷಿನಲ್ಲೇ ಮಾತಾಡು ಎಂದು ಹೇಳಿರುತ್ತಾರೆ. ಅವರು ಕೇಳಲಿಲ್ಲ. ಬಾಯಿಗೆ ಬಂದದ್ದನ್ನು ಅವರು ನುಂಗಿಕೊಳ್ಳಲಿಲ್ಲ. ಗಿಡ್ಡಮ್ಮನಿಗೆ ಆ ಕಾಣದ ಜೀವದ ಮೇಲೆ ಹೊಟ್ಟೆಕಿಚ್ಚು ಬಂತು. ನಾಯಿಯ ಕಿವಿಯ ಹಿಂದೆ ತುರಿಸುತ್ತಾ ತುರಿಸುತ್ತಾ ಅದು ಇಳಿಯಿತು.

ಬಸ್ಸು ತಪ್ಪಿತು. ನಸರುಲ್ಲಾ ಜೀಪು ತಂದು ಮೂವರನ್ನೂ ಕರೆದುಕೊಂಡು ಹೋದ.

ಈಗ ನಾಯಿ ಬಂದು ಎರಡು ತಿಂಗಳು. ಹಾಲುವಾಣದ ಗೂಟಗಳೆಲ್ಲ ಎಲೆ ಬಿಟ್ಟಿವೆ. ಭೂತಯ್ಯ ಅದರ ಫೋಟೋ ತೆಗೆಸಿ ಅಮ್ನಾಗೆ ಕಳಿಸಿದ್ದಾನೆ. ನಾಯಿ ಬೇಡ ಎಂದವನಲ್ಲ, ಬೇಕು ಎಂದವನೂ ಅಲ್ಲ. ಈಗ ಅದರ ಕಾಲಿಗೆ ದಿನವೂ ಎಣ್ಣೆ ತಿಕ್ಕುವವನು ಅವನೇ. ಗಿಡ್ಡಮ್ಮ ಅದರ ಹತ್ತಿರ ಮಾತಾಡುತ್ತಾಳೆ. ಒಲೆಯ ಮುಂದೆ ಮಾತಾಡುತ್ತಾಳೆ, ಬಟ್ಟೆ ಒಗೆಯುತ್ತಾ ಮಾತಾಡುತ್ತಾಳೆ. "ನನ್ನ ಹತ್ರ ಇಷ್ಟು ವರ್ಷದಲ್ಲಿ ಇಷ್ಟು ಮಾತಾಡಿಲ್ಲ," ಎಂದು ಭೂತಯ್ಯ ಅಕ್ಕಪಕ್ಕದವರಿಗೆ ದೂರು ಹೇಳುತ್ತಾನೆ.

ಹೆಸರು ಮಾತ್ರ ಇಟ್ಟಿಲ್ಲ. ಲಿಯೋ ಎಂದರೆ ಅದು ಈಗಲೂ ತಿರುಗುವುದಿಲ್ಲ. ಒಂದಷ್ಟು ದಿನ ಗಿಡ್ಡಮ್ಮ ಸಂಜೆ ಜಗಲಿಯಲ್ಲಿ ಕೂತು, ಲೈನಿನ ಜನ ಇಡುವ ಹೆಸರುಗಳನ್ನೆಲ್ಲ ಒಂದೊಂದಾಗಿ ಕರೆದು ನೋಡಿದಳು. ರಾಜ, ಕರಿಯ, ಮಣಿ, ಸಿದ್ದ, ಬೊಮ್ಮ. ಯಾವುದಕ್ಕೂ ಕಿವಿ ನಿಮಿರಲಿಲ್ಲ. "ನೀನೇ ಒಂದು ಇಡು, ಆಯ್ತು," ಎಂದ ಭೂತಯ್ಯ. "ಅವನಿಗೆ ಒಂದು ಇದೆಯಲ್ಲ, ನಮಗೆ ಗೊತ್ತಿಲ್ಲ ಅಷ್ಟೇ," ಎಂದಳು ಅವಳು. ಮಗಾ ಎಂದೇ ಕರೆಯುತ್ತಾಳೆ.

ಮೊನ್ನೆ ನಸರುಲ್ಲಾ ಜಗಲಿಗೆ ಬಂದು ಕೂತ. ಕಳಸ, ಹೊರನಾಡಿನ ಕಡೆ ಜೀಪುಗಳ ಕೆಲಸವಿದೆ, ಒಂದು ವಾರ ಅಲ್ಲೇ ಇರುತ್ತೇನೆ ಎಂದ.

"ಹಾಗಾದ್ರೆ ಒಂದು ಕೆಲಸ ಮಾಡಿ," ಎಂದಳು ಗಿಡ್ಡಮ್ಮ, ಸೌಟನ್ನು ಪಾತ್ರೆಯ ಅಂಚಿಗೆ ತಟ್ಟುತ್ತಾ. "ಅಲ್ಲಿ ಕೂಲಿ ಜೀಪಿನವರನ್ನ ಕೇಳಿ. ಮುಚ್ಚಿಹೋದ ಹೋಮ್‌ಸ್ಟೇಯಲ್ಲಿ ಅಲ್ಸೇಷನ್ ಸಾಕಿದವರು ಯಾರು ಅಂತ. ಸಿಕ್ಕಿದ್ರೆ ಹೇಳಿ, ಅವನು ಉಣ್ತಾನೆ. ನುಚ್ಚಕ್ಕಿ, ಮೂಳೆ ನೀರು, ಅರಿಶಿನ, ರಾಗಿ. ನಾನು ಬೆನ್ನು ಹಾಕಿ ಹತ್ರ ಕೂತಿರ್ತೀನಿ ಅಂತಾನೂ ಹೇಳಿ. ಅದನ್ನ ಮರೀಬೇಡಿ."

"ಹೇಳ್ತೀನಿ. ಅವರು ನಾಯಿ ವಾಪಸ್ ಕೊಡಿ ಅಂತ ಬಂದ್ರೆ ಗಿಡ್ಡಕ್ಕ?"

ಸೌಟು ನಿಂತಿತು. ಭೂತಯ್ಯ ನಾಯಿಯ ಕಾಲು ತಿಕ್ಕುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದ.

"ಬರ್ಲಿ," ಎಂದಳು ಅವಳು. "ಬಂದು ಮೊದಲು ಅವನ ಹೆಸರು ಏನಂತ ಹೇಳ್ಲಿ."

ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಕೂಲಿ ಜೀಪಿನ ಸದ್ದು ಕೇಳಿತು. ನಾಯಿ ಭೂತಯ್ಯನ ಕೈಯಿಂದ ಕಾಲು ಬಿಡಿಸಿಕೊಂಡು, ಹಾಲುವಾಣದ ಬೇಲಿಯ ಹತ್ತಿರ ಹೋಗಿ ನಿಂತಿತು. ಜೀಪು ನಿಂತಿತು, ಇಬ್ಬರು ಹೆಂಗಸರು ಇಳಿದರು, ಜೀಪು ಹೋಯಿತು.

ಅನ್ನ ಆರಿತ್ತು. ಗಿಡ್ಡಮ್ಮ ತಟ್ಟೆ ಹಿಡಿದು ಅಂಗಳಕ್ಕೆ ಬಂದಳು. ಕೂಡಲೇ ಕರೆಯಲಿಲ್ಲ. ಜೀಪು ಏರು ಹತ್ತಿ, ಸದ್ದು ಪೂರ್ತಿ ಅಡಗುವವರೆಗೆ ಕಾದು, ಆಮೇಲೆ ಬೆನ್ನು ತಿರುಗಿಸಿ ಕೂತು ಕರೆದಳು.

"ಬಾ ಮಗಾ. ಉಣ್ಣು ಬಾ."